ಹೊಂಬಣ್ಣದ ಹಣ್ಣಿನ ಗಿಡವನ್ನು ಹದದಲ್ಲಿಡುವ ಕ್ರಮ

ನಮ್ಮ ನಾಡಿನ ಬಂಗಲೆಗಳ ಸುತ್ತಲೂ, ಶಾಲೆಗಳ ಅಂಗಳದ ಅಂಚಿನಲ್ಲಿಯೂ, ಊರ ಉದ್ಯಾನಗಳಲ್ಲಿಯೂ ಬೇಲಿಗೆಂದು ನೆಡಲ್ಪಡುವ ಗಿಡಗಳಲ್ಲಿ ಡುರಾಂಟ ಎಂಬುದು ಬಹು ಪರಿಚಿತವಾದುದು. ಅದರ ತಿಳಿನೇರಳೆ ಬಣ್ಣದ ಹೂಗೊಂಚಲುಗಳೂ, ಹೂವು ಉದುರಿದ ಮೇಲೆ ಸರದಂತೆ ಜೋಲುವ ಹೊನ್ನಿನ ಮಣಿಗಳಂಥ ಹಣ್ಣುಗಳೂ ನೋಡುವವರ ಕಣ್ಣಿಗೆ ಹಬ್ಬವಾಗಿರುವುವು. ಆದರೆ ಅದನ್ನು ನೆಟ್ಟವರಲ್ಲಿ ಅನೇಕರು ಎರಡು ಮೂರು ವರ್ಷಗಳೊಳಗಾಗಿ ಒಂದೇ ದೂರನ್ನು ಹೇಳುವರು: ಗಿಡವು ಕೈಮೀರಿ ಬೆಳೆದು ದಾರಿಯನ್ನು ಮುಚ್ಚಿತು, ಕತ್ತರಿಸಿದರೆ ಹೂವಿಲ್ಲ, ಹಣ್ಣಿಲ್ಲ, ಕತ್ತರಿಸದಿದ್ದರೆ ನಡೆಯಲು ಹಾದಿಯಿಲ್ಲ. ಈ ತೊಡಕಿಗೆ ಕಾರಣವೇನು, ಪರಿಹಾರವೇನು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸುವೆನು. ಈ ಗಿಡದ ಹಣ್ಣು ವಿಷಯುಕ್ತವಾದುದರಿಂದ, ಮಕ್ಕಳು ಓಡಾಡುವ ಸ್ಥಳಗಳಲ್ಲಿ ಇದು ಬರಿಯ ಅಂದಚೆಂದದ ವಿಚಾರವಲ್ಲವೆಂಬುದನ್ನು ಮೊದಲೇ ತಿಳಿಸುವುದು ಅವಶ್ಯ.

ಡುರಾಂಟದ ತವರು ನಮ್ಮ ದೇಶವಲ್ಲ. ಮೆಕ್ಸಿಕೋ, ಕೆರಿಬಿಯನ್ ದ್ವೀಪಗಳು, ದಕ್ಷಿಣ ಅಮೆರಿಕ ಇವೇ ಅದರ ಸ್ವಸ್ಥಾನಗಳು. ಅದರ ಹೆಸರು ನಮ್ಮ ಕಿವಿಗೆ ‘ದುರಂತ’ವೆಂದು ಕೇಳಿದರೂ ಆ ಪದಕ್ಕೂ ಇದಕ್ಕೂ ಸಂಬಂಧವಿಲ್ಲ. ಹದಿನಾರನೆಯ ಶತಮಾನದಲ್ಲಿ ಇಟಲಿಯಲ್ಲಿದ್ದ ಕಾಸ್ತೋರೆ ದುರಾಂತೆ ಎಂಬ ವೈದ್ಯನೂ ಸಸ್ಯಜ್ಞನೂ ಆದವನ ಸ್ಮರಣಾರ್ಥವಾಗಿ ಈ ಹೆಸರು ಬಂದಿತು. ಸ್ವೀಡನ್ನಿನ ಪ್ರಸಿದ್ಧ ಸಸ್ಯಶಾಸ್ತ್ರಜ್ಞನಾದ ಲಿನೇಯಸನು 1753ರಲ್ಲಿ ಇದನ್ನು ಡುರಾಂಟ ಇರೆಕ್ಟ ಎಂದು ತನ್ನ ಗ್ರಂಥದಲ್ಲಿ ದಾಖಲು ಮಾಡಿದನು.

ತನ್ನಷ್ಟಕ್ಕೆ ಬಿಟ್ಟರೆ ಈ ಗಿಡವು ಹದಿನೈದು ಅಡಿಗಳನ್ನು ಮೀರಿ ಬೆಳೆಯಬಲ್ಲುದು. ಅದರ ಕೊಂಬೆಗಳು ನೆಟ್ಟಗೆ ಏರಿ, ಬಳಿಕ ಬಾಗಿ, ಅಗಲಕ್ಕೂ ಅಷ್ಟೇ ಸ್ಥಳವನ್ನು ಆಕ್ರಮಿಸುವುವು. ಆದುದರಿಂದ ಗಾತ್ರವನ್ನು ಹತೋಟಿಯಲ್ಲಿಡುವ ಮೊದಲನೆಯ ಉಪಾಯವು ಕತ್ತರಿಯಲ್ಲಿಲ್ಲ, ನೆಡುವಾಗ ಹಿಡಿಯುವ ಅಳತೆಯಲ್ಲಿದೆ. ಹೂವು ಹಣ್ಣುಗಳಿಗಾಗಿ ಒಂಟಿಯಾಗಿ ನೆಡುವ ಗಿಡವನ್ನು ಗೋಡೆಯಿಂದಲೂ ಕಾಲುದಾರಿಯಿಂದಲೂ ಆರು ಅಡಿಗಳಾದರೂ ದೂರವಿಡತಕ್ಕದ್ದು. ಬೇಲಿಗಾದರೆ ಗಿಡದಿಂದ ಗಿಡಕ್ಕೆ ಎರಡು ಮೂರು ಅಡಿಗಳ ಅಂತರ ಸಾಕು. ಮೂರಡಿ ಜಾಗದಲ್ಲಿ ಹದಿನೈದು ಅಡಿಯ ಗಿಡವನ್ನು ನೆಟ್ಟು, ಆ ಮೇಲೆ ಅದರ ಮೇಲೆ ಕೋಪಿಸಿಕೊಳ್ಳುವುದರಿಂದ ಪ್ರಯೋಜನವಿಲ್ಲ. ಸಗಣಿಗೊಬ್ಬರವನ್ನೂ ನೀರನ್ನೂ ಮಿತಿಮೀರಿ ಕೊಟ್ಟರೆ ಎಲೆ ಕೊಂಬೆಗಳೇ ಹೆಚ್ಚಿ ಕತ್ತರಿಯ ಕೆಲಸವೂ ಹೆಚ್ಚುವುದು.

ಇನ್ನು ಕತ್ತರಿಸುವ ವಿಚಾರ. ಕೊಂಬೆಯ ತುದಿಯಲ್ಲಿರುವ ಮೊಗ್ಗು ಬೆಳೆಯುತ್ತಿರುವ ತನಕ, ಅದರ ಕೆಳಗೆ ಎಲೆಗಳ ಕಂಕುಳಲ್ಲಿರುವ ಮೊಗ್ಗುಗಳು ಬಹುಮಟ್ಟಿಗೆ ನಿದ್ರಿಸುತ್ತಿರುವುವು. 1933ರಲ್ಲಿ ಥಿಮನ್ ಮತ್ತು ಸ್ಕೂಗ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಬಗೆಯ ಅವರೆಯ ಸಸಿಗಳ ತುದಿಯನ್ನು ಕತ್ತರಿಸಿ, ಗಾಯದ ಮೇಲೆ ಆಕ್ಸಿನ್ ಎಂಬ ಸಸ್ಯರಸವನ್ನಿಟ್ಟಾಗ ಪಕ್ಕದ ಮೊಗ್ಗುಗಳು ಮೇಲೇಳಲಿಲ್ಲವೆಂದು ತೋರಿಸಿಕೊಟ್ಟರು. ತುದಿಯು ಈ ರಸವನ್ನು ಕೆಳಕ್ಕೆ ಕಳುಹಿಸಿ ಪಕ್ಕದ ಮೊಗ್ಗುಗಳನ್ನು ತಡೆಹಿಡಿಯುತ್ತದೆಂಬ ತಿಳಿವಳಿಕೆಯು ಹೀಗೆ ದೃಢವಾಯಿತು. ತುದಿಯು ಹೋದ ಕೂಡಲೇ ಅದಕ್ಕೆ ಸಲ್ಲುತ್ತಿದ್ದ ಸಕ್ಕರೆಯ ಅಂಶವು ಪಕ್ಕದ ಮೊಗ್ಗುಗಳಿಗೆ ಹರಿಯುವುದೂ ಅವು ಎಚ್ಚರಗೊಳ್ಳಲು ಕಾರಣವೆಂದು 2014ರಲ್ಲಿ ಬಟಾಣಿ ಗಿಡಗಳ ಮೇಲೆ ನಡೆದ ಪ್ರಯೋಗಗಳಿಂದ ತಿಳಿದುಬಂದಿದೆ.

ಡುರಾಂಟದ ಎಲೆಗಳು ಸಾಮಾನ್ಯವಾಗಿ ಎದುರುಬದುರಾಗಿ ಜೋಡಿಯಾಗಿ ಹುಟ್ಟುವುವು. ಆದಕಾರಣ ಒಂದು ತುದಿಯನ್ನು ಕತ್ತರಿಸಿದರೆ ಅದರ ಕೆಳಗಿನಿಂದ ಎರಡು ಚಿಗುರುಗಳು ಏಳುವುವು. ಆ ಎರಡನ್ನೂ ಕತ್ತರಿಸಿದರೆ ನಾಲ್ಕು, ನಾಲ್ಕನ್ನು ಕತ್ತರಿಸಿದರೆ ಎಂಟು. ಹೊರಗೆ ಇಂಥ ದಟ್ಟವಾದ ಹಸುರು ಗೋಡೆಯುಂಟಾದ ಮೇಲೆ ಒಳಕ್ಕೆ ಬಿಸಿಲು ಇಳಿಯಲಾರದೆ ಒಳಗಿನ ಎಲೆಗಳು ಉದುರಿ, ಬರಿಯ ಕಡ್ಡಿಗಳು ಉಳಿಯುವುವು. ಕತ್ತರಿಸಿದಷ್ಟೂ ಗಿಡವು ಚಿಕ್ಕದಾಗುವುದೆಂಬ ನಂಬಿಕೆಯು ಎಷ್ಟು ಅಪೂರ್ಣವೆಂಬುದು ಇದರಿಂದ ವ್ಯಕ್ತವಾಗುವುದು. ತುದಿಯ ಕತ್ತರಿಯು ಗಿಡವನ್ನು ಕುಗ್ಗಿಸುವುದಕ್ಕಿಂತ ಒತ್ತಾಗಿಸುವುದೇ ಹೆಚ್ಚು.

ಹೂಗೊಂಚಲು ಹುಟ್ಟುವುದು ಹೊಸ ಚಿಗುರಿನ ಕೊನೆಯಲ್ಲಿ. ಆರು ವಾರಕ್ಕೊಮ್ಮೆ ತುದಿಗಳನ್ನೆಲ್ಲ ಸಮನಾಗಿ ಸವರುವವರು ಹೂವನ್ನು ಹುಟ್ಟುವ ಮೊದಲೇ ಕತ್ತರಿಸಿಬಿಡುತ್ತಾರೆ. ಹೂವಿಲ್ಲದಲ್ಲಿ ಹಣ್ಣೆಲ್ಲಿಯದು? ಆದುದರಿಂದ ಕೆಲಸಕ್ಕೆ ಕೈಯಿಡುವ ಮುನ್ನವೇ ನಮಗೆ ಬೇಕಾದುದು ಹಸುರು ಗೋಡೆಯೋ ಹಣ್ಣಿನ ಗಿಡವೋ ಎಂಬುದನ್ನು ನಿಶ್ಚಯಿಸತಕ್ಕದ್ದು. ಒಂದೇ ಗಿಡದಿಂದ ಎರಡನ್ನೂ ಬಯಸುವುದು ಸಾಧುವಲ್ಲ.

ಹಸುರು ಗೋಡೆ ಬೇಕಾದಲ್ಲಿ ಮಳೆಗಾಲದುದ್ದಕ್ಕೂ ತುದಿಗಳನ್ನು ಸವರುತ್ತಿರಬೇಕು. ಆಗ ಬೇಲಿಯ ಬುಡವು ಅಗಲವಾಗಿಯೂ ತಲೆಯು ಕಿರಿದಾಗಿಯೂ ಇರುವಂತೆ ನೋಡಿಕೊಳ್ಳತಕ್ಕದ್ದು. ತಲೆಯು ಅಗಲವಾದರೆ ಅದರ ನೆರಳಿನಿಂದ ಬುಡವು ಬೋಳಾಗಿ ಆಡುಕರುಗಳು ನುಸುಳುವುವು. ಎಲೆಗಳೇ ಹೊಂಬಣ್ಣವಾಗಿರುವ ತಳಿಯು ಪಾತಿಯಂಚಿಗೆ ಒಂದೆರಡು ಅಡಿಗಳ ಎತ್ತರದಲ್ಲಿಡಲು ಯೋಗ್ಯವಾದುದು. ಅದಕ್ಕೆ ಒಳ್ಳೆಯ ಬಿಸಿಲು ಬೇಕು. ಅದರ ನಡುವೆ ಪೂರ್ತಿ ಹಸುರಾದ ರೆಂಬೆ ಎದ್ದರೆ ಅದನ್ನು ಬುಡದಲ್ಲಿಯೇ ತೆಗೆಯಬೇಕು, ಇಲ್ಲವಾದರೆ ಬಲವುಳ್ಳ ಅದು ಉಳಿದವುಗಳನ್ನು ಮೀರಿಸುವುದು.

ಹಣ್ಣಿನ ಗಿಡ ಬೇಕಾದಲ್ಲಿ ತುದಿಗಳನ್ನು ಮುಟ್ಟದೆ, ವರುಷಕ್ಕೊಮ್ಮೆ ಅತ್ಯಂತ ಹಳೆಯ ದಪ್ಪ ಕೊಂಬೆಗಳಲ್ಲಿ ಮೂರನೆಯ ಒಂದು ಪಾಲನ್ನು ನೆಲಮಟ್ಟದಲ್ಲಿ ಗರಗಸದಿಂದ ಕೊಯ್ದು ತೆಗೆಯುವುದು ಉತ್ತಮ. ಹೀಗೆ ಮೂರು ವರುಷಗಳಲ್ಲಿ ಗಿಡವೆಲ್ಲ ಹೊಸದಾಗುವುದು. ಎತ್ತರವೂ ಇಳಿಯುವುದು, ಒಳಗೆ ಗಾಳಿ ಬೆಳಕು ಆಡುವುವು, ಉಳಿದ ಕೊಂಬೆಗಳಲ್ಲಿ ಹೂ ಹಣ್ಣುಗಳೂ ನಿಲ್ಲುವುವು. ಬಹುಕಾಲ ಅಲಕ್ಷ್ಯದಿಂದ ಕಾಡಾದ ಗಿಡವನ್ನು ಸಹ ಒಂದೇ ಸಾರಿಗೆ ಬೋಳಿಸದೆ ಈ ಕ್ರಮದಿಂದಲೇ ಹದಕ್ಕೆ ತರಬಹುದು.

ದೊಡ್ಡ ಕೊಯ್ತಕ್ಕೆ ತಕ್ಕ ಕಾಲವು ಮೊದಲ ಮಳೆ ಬಿದ್ದ ಬಳಿಕ, ಮೇ ತಿಂಗಳ ಕೊನೆಯಿಂದ ಜೂನ್ ತಿಂಗಳೊಳಗೆ. ಆಗ ನೆಲದಲ್ಲಿ ತೇವವಿರುವುದರಿಂದ ಚಿಗುರು ಬೇಗ ಬರುವುದು. ನೀರಿಲ್ಲದ ಬಿರುಬೇಸಗೆಯಲ್ಲಿ ಬೋಳಿಸಿದ ಗಿಡವು ಬಿಸಿಲಿಗೆ ಬೆಂದು ಸೊರಗುವುದು. ಕತ್ತರಿಯು ಹರಿತವಾಗಿರಲಿ, ಎಲೆಜೋಡಿಯ ಗೆಣ್ಣಿಗಿಂತ ಸ್ವಲ್ಪವೇ ಮೇಲೆ ಕೊಯ್ಯಿರಿ. ಮಚ್ಚಿನಿಂದ ಹೊಡೆದರೆ ಕೊಂಬೆ ಸೀಳುವುದು. ಕೆಲವು ಗಿಡಗಳಲ್ಲಿ ಚೂಪಾದ ಮುಳ್ಳುಗಳಿರುವುದರಿಂದ ಕೈಗವಸನ್ನು ಮರೆಯಕೂಡದು.

ಇನ್ನು ಮುಖ್ಯವಾದ ಎಚ್ಚರಿಕೆ. ಡುರಾಂಟದ ಹಣ್ಣೂ ಎಲೆಯೂ ಮನುಷ್ಯರಿಗೂ ದನಕರುಗಳಿಗೂ ವಿಷವಾಗಿರುವುವು. ಹಣ್ಣನ್ನು ತಿಂದ ಮಗುವಿಗೆ ಹೊಟ್ಟೆನೋವು, ವಾಂತಿ, ಜ್ವರ, ಮಂಪರು ಉಂಟಾಗಿ, ಹೆಚ್ಚಾಗಿ ತಿಂದಿದ್ದರೆ ಸೆಳವು ಸಹ ಬರಬಹುದು, ಪ್ರಾಣಾಪಾಯವೂ ಉಂಟು. ಪಿಕಳಾರ ಮೊದಲಾದ ಹಕ್ಕಿಗಳು ಅದೇ ಹಣ್ಣನ್ನು ತಿಂದು ಸುಖವಾಗಿ ಹಾರಿಹೋಗುವುವು. ಇದನ್ನು ಕಂಡ ಮಕ್ಕಳು ಹಕ್ಕಿ ತಿಂದ ಹಣ್ಣು ನಮಗೂ ಹಿತವೆಂದು ಭಾವಿಸುವುದು ಸಹಜ; ಅದು ತಪ್ಪೆಂದು ಚಿಕ್ಕಂದಿನಲ್ಲಿಯೇ ಅವರಿಗೆ ಕಲಿಸಬೇಕು. ಮಗುವು ಹಣ್ಣನ್ನು ತಿಂದುದು ತಿಳಿದ ಕೂಡಲೇ ಬಾಯಲ್ಲಿ ಉಳಿದುದನ್ನು ತೆಗೆದು ಬಾಯಿ ತೊಳೆಸಿ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಗೊಡವೆಗೆ ಹೋಗದೆ, ಗಿಡದ ಒಂದು ಟೊಂಗೆಯನ್ನೂ ಜೊತೆಯಲ್ಲಿ ತೆಗೆದುಕೊಂಡು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಹಾಗಾದರೆ ಈ ಗಿಡವನ್ನು ಬೇರುಸಹಿತ ಕಿತ್ತುಬಿಡಬೇಕೇ? ಕೂಸುಗಳು ಕೈಗೆ ಸಿಕ್ಕಿದುದನ್ನೆಲ್ಲ ಬಾಯಿಗಿಡುವ ಮನೆಗಳಲ್ಲಿಯೂ ಶಿಶುವಿಹಾರಗಳಲ್ಲಿಯೂ ಅದೇ ಲೇಸು. ದೊಡ್ಡ ಹುಡುಗಿಯರು ಓದುವ ಶಾಲೆಗಳಲ್ಲಿಯಾದರೋ ಮೇಲೆ ಹೇಳಿದ ಎರಡು ಬಗೆಯ ಕತ್ತರಿಯೇ ನಮಗೆ ಸಹಾಯಕವಾಗುವುದು. ಆಟದ ಬಯಲು, ಬಾವಿಕಟ್ಟೆ, ಚಿಕ್ಕ ತರಗತಿಗಳ ಜಗಲಿ ಇವುಗಳ ಬಳಿಯಲ್ಲಿರುವ ಬೇಲಿಯನ್ನು ಕ್ರಮವಾಗಿ ಸವರಿ, ಒಂದು ಹೂವೂ ಹಣ್ಣಾಗದಂತೆ ಇಡತಕ್ಕದ್ದು. ಹಣ್ಣಿನ ಸೊಬಗನ್ನು ದೂರದ ಮೂಲೆಯ ಒಂದೆರಡು ಗಿಡಗಳಿಗೆ ಮಾತ್ರ ಬಿಟ್ಟು, ಅದರ ಗುಣದೋಷಗಳನ್ನು ಎಲ್ಲ ತರಗತಿಗಳಿಗೂ ತಿಳಿಸಿರಬೇಕು. ಕತ್ತರಿಸಿದ ಸೊಪ್ಪನ್ನು ಬೀದಿಯ ದನಗಳಿಗೆ ಸಿಕ್ಕುವಂತೆ ಎಸೆಯಲಾಗದು.

ಹಣ್ಣನ್ನು ಮಿತಿಯಲ್ಲಿಡುವುದಕ್ಕೆ ಮತ್ತೊಂದು ಕಾರಣವೂ ಉಂಟು. ಹಕ್ಕಿಗಳು ಬೀಜವನ್ನು ದೂರ ದೂರಕ್ಕೆ ಒಯ್ಯುವುವು. ಆಸ್ಟ್ರೇಲಿಯದಲ್ಲಿಯೂ ಪೆಸಿಫಿಕ್ ಸಾಗರದ ಹಲವು ದ್ವೀಪಗಳಲ್ಲಿಯೂ ಡುರಾಂಟವು ತೋಟದಿಂದ ತಪ್ಪಿಸಿಕೊಂಡು ಕಳೆಯಾಗಿದೆ. ಇದೇ ಕುಟುಂಬಕ್ಕೆ ಸೇರಿದ ಲಂಟಾನವು ನಮಗೆ ಹತ್ತಿರದ ದೃಷ್ಟಾಂತ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆಂದು ತರಲ್ಪಟ್ಟ ಆ ಗಿಡವು ಈಗ ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟಗಳ ಕಾಡಿನಲ್ಲಿ ಹುಲ್ಲನ್ನೂ ಎಳೆಯ ಸಸಿಗಳನ್ನೂ ಮುಚ್ಚಿ ಹರಡಿರುವುದು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಗಳಿಂದ ಕುರ್ಚಿ ಬುಟ್ಟಿಗಳನ್ನು ಮಾಡಿ ಕೇಡಿನಿಂದಲೂ ಜೀವನೋಪಾಯವನ್ನು ಹುಡುಕಿರುವುದು ಶ್ಲಾಘನೀಯ. ಆದರೂ ಕಾಡಿಗಾದ ನಷ್ಟವು ಅಲ್ಪವಲ್ಲ. ಆದುದರಿಂದ ಡುರಾಂಟದ ಬುಡದ ಸುತ್ತಲೂ, ಬೇಲಿಯ ಆಚೆಗೂ ತಾನಾಗಿ ಮೊಳೆತ ಸಸಿಗಳನ್ನು ಎಳೆಯದಿರುವಾಗಲೇ ಕೀಳಬೇಕು.

ತೋಟದ ಪಾಠವುಳ್ಳ ಪ್ರತಿಯೊಂದು ತರಗತಿಯೂ ಒಂದು ಗಿಡವನ್ನು ತನ್ನ ವಶಕ್ಕೆ ತೆಗೆದುಕೊಳ್ಳಲಿ. ಕತ್ತರಿಸಿದ ದಿನ, ಅಂದಿನ ಎತ್ತರ, ತಿಂಗಳ ಮೇಲಿನ ಎತ್ತರ, ಗೆಣ್ಣಿನಿಂದ ಎದ್ದ ಚಿಗುರುಗಳ ಎಣಿಕೆ ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಒಂದು ಗಿಡವನ್ನು ಸವರುತ್ತಲೂ, ಇನ್ನೊಂದನ್ನು ಬುಡದಿಂದ ತೆಳುಗೊಳಿಸುತ್ತಲೂ ವರುಷವಿಡೀ ನೋಡಿದ ಹುಡುಗಿಗೆ, ಯಾವ ಕೊಂಬೆಯನ್ನು ಎಲ್ಲಿ, ಏತಕ್ಕಾಗಿ ಕೊಯ್ಯಬೇಕೆಂಬುದನ್ನು ಮತ್ತೆ ಯಾರೂ ಹೇಳಿಕೊಡಬೇಕಾಗಿ ಬರುವುದಿಲ್ಲ.