ಗರ್ಭವತಿಯ ಚಿಂತೆ ಮತ್ತು ಧೃತಿಯೆಂಬ ಸಂಸ್ಕಾರ

ಧ್ಯಾನವೆಂದೊಡನೆ ಪದ್ಮಾಸನದಲ್ಲಿ ನೆಲೆಸಿದ ಜಿನಬಿಂಬ ನಮ್ಮ ಕಣ್ಣ ಮುಂದೆ ಮೂಡುತ್ತದೆ. ಆದರೆ ಜೈನಾಚಾರ್ಯರು ಧ್ಯಾನವೆಂಬ ಮಾತನ್ನು ಶುಭಕ್ಕೆ ಮಾತ್ರ ಮೀಸಲಿಡಲಿಲ್ಲ. ಒಂದೇ ವಿಷಯದಲ್ಲಿ ಮನಸ್ಸು ನೆಟ್ಟು ನಿಲ್ಲುವುದು ಧ್ಯಾನವಾದರೆ, ದುಃಖದಲ್ಲಿ ನೆಟ್ಟು ನಿಂತ ಮನಸ್ಸೂ ಧ್ಯಾನವನ್ನೇ ಮಾಡುತ್ತಿರುತ್ತದೆ. ಅದಕ್ಕೆ ಆರ್ತಧ್ಯಾನವೆಂದು ಹೆಸರು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂಬ ನಾಲ್ಕು ಧ್ಯಾನಗಳನ್ನು ಹೇಳಿ, ಮೊದಲಿನದಕ್ಕೆ ಮತ್ತೆ ನಾಲ್ಕು ಕವಲುಗಳನ್ನು ತೋರಿಸಿದ್ದಾರೆ. ಬೇಡವಾದುದು ಬಂದೀತೆಂಬ ಕಳವಳ, ಪ್ರಿಯವಾದುದು ಅಗಲೀತೆಂಬ ದುಗುಡ, ದೇಹದ ನೋವಿನ ಚಿಂತೆ, ಮುಂದಿನ ಫಲಕ್ಕಾಗಿ ಹಂಬಲಿಸುವ ನಿದಾನ ಎಂಬುವೇ ಆ ನಾಲ್ಕು.

ಈ ನಾಲ್ಕೂ ಒಟ್ಟಿಗೆ ಮನೆಮಾಡುವ ಸಂದರ್ಭ ಯಾವುದೆಂದು ಕೇಳಿದರೆ, ಮೂವತ್ತೆಂಟರಲ್ಲೋ ನಲವತ್ತೊಂದರಲ್ಲೋ ಗರ್ಭ ಧರಿಸಿದ ಹೆಣ್ಣಿನ ಮನಸ್ಸನ್ನು ತೋರಿಸಬಹುದು. ಪರೀಕ್ಷೆಯ ವರದಿಯಲ್ಲಿ ಏನು ಬಂದೀತೋ ಎಂಬುದು ಮೊದಲನೆಯ ಆರ್ತ. ಗರ್ಭ ನಿಲ್ಲುವುದೋ ಇಲ್ಲವೋ ಎಂಬುದು ಎರಡನೆಯದು. ಹೆರಿಗೆಯನ್ನು ಈ ದೇಹ ತಾಳಿಕೊಳ್ಳುವುದೇ ಎಂಬುದು ಮೂರನೆಯದು. ಇದೊಂದು ಮಗು ಉಳಿದರೆ ಇಷ್ಟು ವ್ರತ ಮಾಡುತ್ತೇನೆ, ಇಂಥದ್ದೇ ಮಗುವಾಗಬೇಕು ಎಂಬ ಒಳಗಿನ ಚೌಕಾಸಿ ನಾಲ್ಕನೆಯದು. ಓದು, ಉದ್ಯೋಗ, ತಡವಾದ ವಿವಾಹ, ಹಲವು ವರ್ಷಗಳ ಚಿಕಿತ್ಸೆ ಮೊದಲಾದ ಕಾರಣಗಳಿಂದ ಇಂದು ಈ ವಯಸ್ಸಿನಲ್ಲಿ ತಾಯಿಯಾಗುವವರು ಅನೇಕರು. ನನ್ನ ಬಳಿ ಓದಿದ ಹೆಣ್ಣುಮಕ್ಕಳೂ ಅವರಲ್ಲಿದ್ದಾರೆ. ಬಸದಿಯಲ್ಲಿ ಸಿಕ್ಕಾಗ ಅವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಟೀಚರ್, ಹೀಗೆ ಸದಾ ಹೆದರುತ್ತಿರುವುದು ಪಾಪವಲ್ಲವೇ? ಇದು ಮಗುವಿಗೆ ತಟ್ಟುವುದಿಲ್ಲವೇ?’

ಇಲ್ಲಿ ಶಾಸ್ತ್ರದ ಒಂದು ಮಾತು ದೊಡ್ಡ ಸಮಾಧಾನ ಕೊಡುತ್ತದೆ. ಆರ್ತಧ್ಯಾನವು ಯಾರಲ್ಲಿ ಇರುತ್ತದೆಂದು ಹೇಳುವಾಗ ಸೂತ್ರಕಾರರು ವ್ರತವಿಲ್ಲದವರನ್ನು, ಅಣುವ್ರತಿಗಳಾದ ಶ್ರಾವಕರನ್ನು ಮಾತ್ರವಲ್ಲದೆ ಆರನೆಯ ಗುಣಸ್ಥಾನದ ಮುನಿಗಳನ್ನೂ ಸೇರಿಸಿದ್ದಾರೆ. ಮಹಾವ್ರತ ಧರಿಸಿದವರನ್ನೂ ತಾಕುವ ಚಿಂತೆ, ಹೊಟ್ಟೆಯಲ್ಲಿ ಜೀವವನ್ನು ಹೊತ್ತ ತಾಯಿಯನ್ನು ತಾಕಿದರೆ ಅದರಲ್ಲಿ ನಾಚುವಂಥದ್ದೇನಿದೆ? ಹೆದರಿಕೆ ಬಂದಿತೆಂದು ಮತ್ತೆ ಹೆದರುವುದು ಬೇಡ. ಒಂದೇ ವಿಷಯದಲ್ಲಿ ನಿಲ್ಲುವ ಶಕ್ತಿ ಆ ಮನಸ್ಸಿಗೆ ಆಗಲೇ ಇದೆ. ಅದು ನಿಲ್ಲುವ ಜಾಗವನ್ನಷ್ಟೇ ಬದಲಿಸಬೇಕು.

ತ್ರಿಶಲಾದೇವಿಯ ಕಳವಳ

ಶ್ವೇತಾಂಬರ ಪರಂಪರೆಯ ಕಲ್ಪಸೂತ್ರದಲ್ಲಿ ವರ್ಧಮಾನ ಮಹಾವೀರರ ಗರ್ಭಕಾಲದ ಪ್ರಸಂಗವೊಂದಿದೆ. ತನ್ನ ಚಲನೆಯಿಂದ ತಾಯಿಗೆ ನೋವಾಗಬಾರದೆಂಬ ಕರುಣೆಯಿಂದ ಆ ಜೀವವು ಗರ್ಭದಲ್ಲಿ ಅಲುಗಾಡದೆ ಉಳಿಯಿತಂತೆ. ಮಗು ಮಿಸುಕದಿರುವುದನ್ನು ಕಂಡ ತ್ರಿಶಲಾದೇವಿ ಗರ್ಭಕ್ಕೆ ಏನೋ ಆಗಿಹೋಯಿತೆಂದು ಶೋಕಕ್ಕೆ ಬಿದ್ದಳು. ಅರಮನೆಯ ಸಂಗೀತ ನಿಂತಿತು. ತಾಯಿಯ ದುಃಖವನ್ನು ಅರಿತ ಜೀವವು ಮೆಲ್ಲನೆ ಮಿಸುಕಿತು; ತಾಯಿಗೆ ಹೋದ ಉಸಿರು ಬಂದಂತಾಯಿತು. ಮಾತಾಪಿತೃಗಳು ಬದುಕಿರುವವರೆಗೆ ದೀಕ್ಷೆ ವಹಿಸುವುದಿಲ್ಲವೆಂಬ ಸಂಕಲ್ಪವೂ ಆಗಲೇ ಆಯಿತೆಂದು ಆ ಪರಂಪರೆ ಹೇಳುತ್ತದೆ.

ತೀರ್ಥಂಕರನ ತಾಯಿಯೂ ಅಂಜಿದಳು. ಅವಳ ಅಂಜಿಕೆಯನ್ನು ಕಥೆ ಹಳಿಯುವುದಿಲ್ಲ. ಅವಳಿಗೆ ಬೇಕಾದ ಭರವಸೆಯನ್ನು ಕೊಡುತ್ತದೆ. ಇದರಲ್ಲಿ ಇಂದಿನ ಗರ್ಭಿಣಿಗೆ ಒಂದು ಎಚ್ಚರಿಕೆಯೂ ಇದೆ. ಕೊನೆಯ ತಿಂಗಳುಗಳಲ್ಲಿ ಮಗುವಿನ ಮಿಸುಕಾಟ ಎಂದಿಗಿಂತ ಕಡಿಮೆಯಾಯಿತೆನಿಸಿದರೆ ನಾಳೆಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕೆಂದು ವೈದ್ಯರು ಹೇಳುತ್ತಾರೆ. ತಾಯಿಯ ಮನಸ್ಸಿಗೆ ತೋರಿದ್ದನ್ನು ‘ಸುಮ್ಮನೆ ಭ್ರಮೆ’ ಎಂದು ಮನೆಯವರು ತಳ್ಳಿಹಾಕಬಾರದು.

ಕೈಯಲ್ಲಿರುವುದು, ಕೈಯಲ್ಲಿಲ್ಲದ್ದು

ಆರ್ತದಿಂದ ಮೇಲೇರಲು ಆಚಾರ್ಯರು ತೋರಿದ್ದು ಧರ್ಮ್ಯಧ್ಯಾನ. ಅದರ ನಾಲ್ಕು ಭೇದಗಳಲ್ಲಿ ಎರಡು ಅಪಾಯವಿಚಯ ಮತ್ತು ವಿಪಾಕವಿಚಯ. ಜೀವಿಗಳು ತಪ್ಪುದಾರಿಯಿಂದ ಹೇಗೆ ಪಾರಾದಾರೆಂದು ಚಿಂತಿಸುವುದು ಅಪಾಯವಿಚಯ. ಕರ್ಮವು ಫಲ ಕೊಡುವ ಬಗೆಯನ್ನು ಚಿಂತಿಸುವುದು ವಿಪಾಕವಿಚಯ. ಇವು ಮೋಕ್ಷಮಾರ್ಗದ ಹಿರಿಯ ಮಾತುಗಳು. ಗೃಹಸ್ಥರಾದ ನಾವು ಇವುಗಳ ಕ್ರಮವನ್ನು ನಮ್ಮ ಅಳತೆಗೆ ತಕ್ಕಂತೆ ಬಳಸಿಕೊಳ್ಳಬಹುದು. ಪಾರಾಗುವ ಉಪಾಯವಿರುವಲ್ಲಿ ಉಪಾಯವನ್ನು ಮಾಡುವುದು. ಉಪಾಯ ಮುಗಿದಲ್ಲಿ ಬಂದುದನ್ನು ಸಮಭಾವದಿಂದ ನೋಡುವುದು.

ಉಪಾಯದ ಭಾಗ ಸಣ್ಣದಲ್ಲ. ಗರ್ಭ ಧರಿಸುವ ಮೊದಲಿನಿಂದ ಮೂರು ತಿಂಗಳವರೆಗೆ ಫೋಲಿಕ್ ಆಮ್ಲದ ಮಾತ್ರೆ, ಅನಂತರ ಕಬ್ಬಿಣಾಂಶ ಹಾಗೂ ಕ್ಯಾಲ್ಸಿಯಂ, ತಪ್ಪದೆ ರಕ್ತದೊತ್ತಡದ ತಪಾಸಣೆ, ಸಕ್ಕರೆ ಅಂಶದ ಪರೀಕ್ಷೆ ಇವು ಎಲ್ಲ ಗರ್ಭಿಣಿಯರಿಗೂ ಬೇಕು. ವಯಸ್ಸು ಮೂವತ್ತೈದು ದಾಟಿದವರಲ್ಲಿ ರಕ್ತದೊತ್ತಡ, ಗರ್ಭಕಾಲದ ಮಧುಮೇಹ, ಗರ್ಭಸ್ರಾವಗಳ ಸಂಭವ ಹೆಚ್ಚಾದುದರಿಂದ ಅವರಿಗೆ ಇನ್ನೂ ಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಸುವ ಯೋಜನೆ 2016ರಿಂದ ಇದೆ. ಆಶಾ ಕಾರ್ಯಕರ್ತೆಯರು ತಾಯಿ ಕಾರ್ಡ್ ಮಾಡಿಸಿಕೊಡಲು ನೆರವಾಗುತ್ತಾರೆ.

ಅಂಕಿಗಳ ಭಯಕ್ಕೆ ಅನೇಕಾಂತದೃಷ್ಟಿ ಮದ್ದು. ಮಗುವಿಗೆ ಡೌನ್ ಸಿಂಡ್ರೋಮ್ ಇರುವ ಸಂಭವ ತಾಯಿಗೆ 35 ವರ್ಷವಾದಾಗ ಸರಿಸುಮಾರು 350ಕ್ಕೆ ಒಂದು, 40 ಆದಾಗ 100ಕ್ಕೆ ಒಂದು ಎಂದು ವೈದ್ಯಶಾಸ್ತ್ರ ಹೇಳುತ್ತದೆ. ‘ಮೂರು ಪಟ್ಟು ಹೆಚ್ಚಾಯಿತು’ ಎನ್ನುವುದು ಸತ್ಯದ ಒಂದು ಮುಖ. ‘ನೂರರಲ್ಲಿ ತೊಂಬತ್ತೊಂಬತ್ತು ಮಕ್ಕಳಿಗೆ ಅದು ಇರುವುದಿಲ್ಲ’ ಎನ್ನುವುದು ಅದೇ ಸತ್ಯದ ಇನ್ನೊಂದು ಮುಖ. ಒಂದನ್ನೇ ಹಿಡಿದು ಕುಳಿತರೆ ಏಕಾಂತದೃಷ್ಟಿಯಾದೀತು. ಎರಡನ್ನೂ ಕಂಡವಳು ಪರೀಕ್ಷೆಯನ್ನೂ ಮಾಡಿಸಿಕೊಳ್ಳುತ್ತಾಳೆ, ರಾತ್ರಿ ನಿದ್ರೆಯನ್ನೂ ಮಾಡುತ್ತಾಳೆ.

ಪರೀಕ್ಷೆಯೇ ಹಿಂಸೆಯ ಮೊದಲ ಮೆಟ್ಟಿಲೆಂದು ಶಂಕಿಸುವ ಶ್ರಾವಕರಿದ್ದಾರೆ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರಿಗೆ ಈ ಶಂಕೆ ಸಹಜ. ಆದರೆ ತಿಳಿಯುವುದು ಬೇರೆ, ತಿಳಿದ ಮೇಲೆ ನಿಶ್ಚಯಿಸುವುದು ಬೇರೆ. ಗರ್ಭದಲ್ಲೇ ಹೃದಯದ ದೋಷ ಗೊತ್ತಾದರೆ, ಹುಟ್ಟಿದೊಡನೆ ಚಿಕಿತ್ಸೆ ಸಿಗುವ ಆಸ್ಪತ್ರೆಯಲ್ಲಿ ಹೆರಿಗೆಗೆ ಏರ್ಪಾಡು ಮಾಡಬಹುದು. ಆಗ ಜ್ಞಾನವೇ ಜೀವರಕ್ಷಣೆಯಾಗುತ್ತದೆ. ಮಗುವಿನಲ್ಲಿ ಏನಾದರೂ ವ್ಯತ್ಯಾಸ ಕಂಡುಬಂದರೂ ನೆನಪಿಡಬೇಕಾದ ಮಾತೊಂದಿದೆ: ಜೀವದ ಲಕ್ಷಣ ಚೈತನ್ಯದ ಉಪಯೋಗವೇ ಹೊರತು ವರ್ಣತಂತುಗಳ ಲೆಕ್ಕವಲ್ಲ. ಅನಂತಜ್ಞಾನದ ಬೀಜ ಆ ಜೀವದಲ್ಲಿಯೂ ನಮ್ಮಷ್ಟೇ ಇದೆ. ಮುಂದಿನದನ್ನು ದಂಪತಿಗಳು ವೈದ್ಯರೊಡನೆ ಕುಳಿತು, ತಮ್ಮ ಅಂತಃಸಾಕ್ಷಿಯನ್ನು ಕೇಳಿ ನಿಶ್ಚಯಿಸಬೇಕು. ಹೊರಗಿನವರ ತೀರ್ಪಿಗೆ ಅಲ್ಲಿ ಜಾಗವಿಲ್ಲ.

ಉಪವಾಸದ ವಿಚಾರವನ್ನೂ ಸ್ಪಷ್ಟವಾಗಿ ಹೇಳಬೇಕು. ದಶಲಕ್ಷಣ ಪರ್ವದಲ್ಲೋ ಅಷ್ಟಾಹ್ನಿಕದಲ್ಲೋ ಮಗುವಿನ ಕ್ಷೇಮಕ್ಕೆಂದು ಉಪವಾಸ ಕೈಗೊಳ್ಳುವ ಗರ್ಭಿಣಿಯರಿದ್ದಾರೆ. ತೀರ್ಥಂಕರತ್ವಕ್ಕೆ ಕಾರಣವಾದ ಷೋಡಶಭಾವನೆಗಳಲ್ಲಿಯೇ ತ್ಯಾಗಕ್ಕೂ ತಪಸ್ಸಿಗೂ ‘ಶಕ್ತಿಗನುಸಾರ’ ಎಂಬ ಕಟ್ಟಳೆ ಸೇರಿಕೊಂಡಿದೆ. ಇಬ್ಬರಿಗೆ ಆಹಾರ ಕೊಡುತ್ತಿರುವ ದೇಹದ ಶಕ್ತಿ ಎಷ್ಟೆಂಬುದನ್ನು ವೈದ್ಯರು ಹೇಳಲಿ. ರಾತ್ರಿಭೋಜನ ತ್ಯಾಗದ ನಿಯಮವಿರುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಿದರೆ ಹಗಲಿನ ಊಟವನ್ನು ಹಂಚಿಕೊಳ್ಳುವ ಕ್ರಮವನ್ನು ಅವರು ಸೂಚಿಸಬಲ್ಲರು. ಸಕ್ಕರೆ ಅಂಶದ ಏರುಪೇರಿನಿಂದ ದೀರ್ಘಕಾಲ ಬರಿಹೊಟ್ಟೆಯಲ್ಲಿರುವುದು ಸಲ್ಲದೆಂದು ಅವರು ಹೇಳಿದರೆ, ಗುರುಗಳ ಬಳಿ ನಿವೇದಿಸಿಕೊಂಡು ನಿಯಮವನ್ನು ಆ ಕಾಲಕ್ಕೆ ಸಡಿಲಿಸಿಕೊಳ್ಳುವುದು ವಿವೇಕ. ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಒಂದೆಂದು ಎಣಿಸಿದ ಧರ್ಮ, ಔಷಧ ಸೇವಿಸುವುದನ್ನು ದೋಷವೆಂದೀತೇ?

ಸುತ್ತಲಿನವರ ಹೊಣೆ

‘ಈ ವಯಸ್ಸಿನಲ್ಲಿ ಇದು ಬೇಕಿತ್ತೇ?’, ‘ಇಂಥವರಿಗೆ ಹೀಗಾಯಿತಂತೆ’, ‘ಎಲ್ಲ ಪೂರ್ವಕರ್ಮ’ ಎಂಬ ಮಾತುಗಳು ಗರ್ಭಿಣಿಯ ಕಿವಿಗೆ ಎಷ್ಟು ಸುಲಭವಾಗಿ ಬೀಳುತ್ತವೆ! ಆಡಿದವರು ಮರೆಯುತ್ತಾರೆ, ಕೇಳಿದವಳು ನಡುರಾತ್ರಿಯಲ್ಲಿ ನೆನೆಯುತ್ತಾಳೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಎಣಿಸುವಾಗ ದುಃಖ, ಶೋಕ, ತಾಪ, ಆಕ್ರಂದನಗಳನ್ನು ಹೆಸರಿಸಿ, ಅವನ್ನು ತನ್ನಲ್ಲಿ ಉಂಟುಮಾಡಿಕೊಂಡರೂ ಪರರಲ್ಲಿ ಉಂಟುಮಾಡಿದರೂ ಕರ್ಮಬಂಧವುಂಟೆಂದು ತಿಳಿಸುತ್ತದೆ. ಕರ್ಮಸಿದ್ಧಾಂತದ ಹೆಸರಿನಲ್ಲಿ ಬಸುರಿಯನ್ನು ಅಳಿಸುವವರು ಅದೇ ಸಿದ್ಧಾಂತದ ಈ ಪುಟವನ್ನು ತೆರೆದು ನೋಡಬೇಕು.

ದಾನಗಳಲ್ಲಿ ಅಭಯದಾನಕ್ಕೆ ಖರ್ಚಿಲ್ಲ. ತಪಾಸಣೆಯ ದಿನ ರಜೆ ಹಾಕಿ ಜೊತೆಗೆ ಹೋಗುವ ಪತಿ, ‘ಅಡುಗೆಮನೆ ನನಗಿರಲಿ, ನೀನು ಮಲಗಮ್ಮ’ ಎನ್ನುವ ಅತ್ತೆ, ಕೇಳಿದ್ದಕ್ಕೆ ಬೇಸರಿಸದೆ ಉತ್ತರಿಸುವ ವೈದ್ಯೆ ಇವರೆಲ್ಲ ಅಭಯದಾನಿಗಳು. ಜೀವಿಗಳು ಒಂದಕ್ಕೊಂದು ಉಪಕಾರಿಯಾಗಿರಬೇಕೆಂಬ ತತ್ತ್ವ ಆಚರಣೆಗೆ ಬರುವುದು ಇಂಥ ಮನೆಗಳಲ್ಲಿಯೇ.

ಆದಿಪುರಾಣದ ನಾಲ್ಕು ಹೆಸರುಗಳು

ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ಆದಿಪುರಾಣದ 38ನೆಯ ಪರ್ವದಲ್ಲಿ ಗೃಹಸ್ಥರಿಗೆ 53 ಗರ್ಭಾನ್ವಯ ಕ್ರಿಯೆಗಳನ್ನು ವಿಧಿಸಿದ್ದಾರೆ. ಗರ್ಭಕಾಲದ ಕ್ರಿಯೆಗಳ ಹೆಸರುಗಳನ್ನು ಗಮನಿಸಿ: ಮೂರನೆಯ ತಿಂಗಳಲ್ಲಿ ಪ್ರೀತಿ, ಐದನೆಯದರಲ್ಲಿ ಸುಪ್ರೀತಿ, ಏಳನೆಯದರಲ್ಲಿ ಧೃತಿ, ಒಂಬತ್ತನೆಯದರಲ್ಲಿ ಮೋದ. ಒಂದೂ ದೇಹಕ್ಕೆ ಸಂಬಂಧಿಸಿದ ಹೆಸರಲ್ಲ. ಎಲ್ಲವೂ ಮನಸ್ಸಿನ ಸ್ಥಿತಿಗಳು. ಮಗು ಬೆಳೆಯುವಂತೆ ತಾಯಿಯ ಭಾವವೂ ಬೆಳೆಯಬೇಕೆಂದು ಆಚಾರ್ಯರು ಬಯಸಿದಂತೆ ತೋರುತ್ತದೆ.

ಕಾಕತಾಳೀಯವೇ ಇರಬಹುದು, ಇಂದಿನ ವೈದ್ಯರ ದಿನದರ್ಶಿಯೂ ಹೆಚ್ಚುಕಡಿಮೆ ಇದೇ ತಿಂಗಳುಗಳಲ್ಲಿ ನಿಲ್ಲುತ್ತದೆ. 11ರಿಂದ 13 ವಾರಗಳ ನಡುವೆ ಮೊದಲ ಮುಖ್ಯ ಸ್ಕ್ಯಾನಿಂಗ್, 18ರಿಂದ 20 ವಾರಗಳಲ್ಲಿ ಅಂಗಾಂಗಗಳನ್ನು ನೋಡುವ ಸ್ಕ್ಯಾನಿಂಗ್, 24ರಿಂದ 28 ವಾರಗಳಲ್ಲಿ ಸಕ್ಕರೆ ಪರೀಕ್ಷೆ. ಭಯ ಏರುವುದೂ ಈ ದಿನಗಳಲ್ಲಿಯೇ. ಆ ದಿನ ಬೆಳಿಗ್ಗೆ ಮನೆಯ ದೇವರ ಮುಂದೆ ದೀಪ ಹಚ್ಚಿ, ‘ಇದು ಪ್ರೀತಿಯ ತಿಂಗಳು’, ‘ಇದು ಧೃತಿಯ ತಿಂಗಳು’ ಎಂದು ಗಂಡಹೆಂಡಿರು ಒಟ್ಟಿಗೆ ನೆನೆದು ಹೊರಟರೆ ಪರೀಕ್ಷೆಯೂ ಒಂದು ಸಂಸ್ಕಾರವಾಗುತ್ತದೆ.

ಧೃತಿಯೆಂದರೆ ಭಯವಿಲ್ಲದಿರುವುದಲ್ಲ; ಭಯವಿದ್ದೂ ಕದಲದಿರುವುದು. ಅದಕ್ಕೆ ಅಭ್ಯಾಸ ಬೇಕು. ಸಾಮಾಯಿಕದ ಕಾಲ ಒಂದು ಮುಹೂರ್ತ, ಅಂದರೆ 48 ನಿಮಿಷ. ಅಷ್ಟು ಹೊತ್ತು ಕುಳಿತಿರಲಾಗದ ಗರ್ಭಿಣಿಗೆ ಒಂದು ಕಾಯೋತ್ಸರ್ಗ ಸಾಕು. ಒಂಬತ್ತು ಬಾರಿ ಪಂಚನಮಸ್ಕಾರ ಮಂತ್ರ, ಒಂದಕ್ಕೆ ಮೂರರಂತೆ ಇಪ್ಪತ್ತೇಳು ಉಸಿರು. ನಡುರಾತ್ರಿ ಎಚ್ಚರವಾಗಿ ಎದೆ ಹೊಡೆದುಕೊಳ್ಳುವಾಗ, ಮಗ್ಗುಲಾಗಿ ಮಲಗಿದ್ದಂತೆಯೇ ಉಸಿರನ್ನು ಎಣಿಸುತ್ತ ಮಂತ್ರವನ್ನು ನೆನೆಯಬಹುದು. ಇಷ್ಟಾದರೂ ವಾರಗಟ್ಟಲೆ ನಿದ್ರೆ ಬಾರದೆ, ಊಟ ಸೇರದೆ, ಅಳು ನಿಲ್ಲದಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಮಾನಸಿಕ ಆರೋಗ್ಯಕ್ಕಾಗಿ ಸರ್ಕಾರವೇ ನಡೆಸುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಮನಸ್ಸಿನ ನೋವಿಗೂ ಔಷಧವುಂಟು.

ಎಲ್ಲ ಉಪಾಯಗಳನ್ನು ಮಾಡಿದ ಮೇಲೂ ಕೆಲವು ಗರ್ಭಗಳು ನಿಲ್ಲುವುದಿಲ್ಲ. ಈ ಮಾತನ್ನು ಮರೆಮಾಚಿ ಬರೆಯುವ ಸಮಾಧಾನ ಸುಳ್ಳಾಗುತ್ತದೆ. ಅಂಥ ತಾಯಿ ‘ನಾನು ಏನು ತಪ್ಪು ಮಾಡಿದೆ’ ಎಂದು ತನ್ನನ್ನೇ ಹಿಂಡಿಕೊಳ್ಳುತ್ತಾಳೆ. ಪ್ರತಿಯೊಂದು ಜೀವವೂ ತನ್ನ ಆಯುಷ್ಯಕರ್ಮವನ್ನು ತಾನೇ ಕಟ್ಟಿಕೊಂಡು ಬರುತ್ತದೆಂದು ಜಿನವಾಣಿ ಹೇಳುತ್ತದೆ. ತಾಯಿ ಆ ಜೀವಕ್ಕೆ ನಿಮಿತ್ತಳು, ಆಶ್ರಯದಾತೆ. ಅದರ ಆಯುಷ್ಯವನ್ನು ಬರೆದವಳಲ್ಲ. ಕೆಲವೇ ವಾರಗಳಾದರೂ ಒಂದು ಜೀವಕ್ಕೆ ತನ್ನ ದೇಹದಲ್ಲಿ ನೆಲೆ ಕೊಟ್ಟ ಅವಳ ಉಪಕಾರ ಎಲ್ಲಿಗೂ ಹೋಗುವುದಿಲ್ಲ. ಅವಳ ಕಣ್ಣೀರಿಗೆ ಕಾಲಾವಕಾಶವನ್ನೂ ಬಳಿಯಲ್ಲಿ ಕೂರುವ ಒಬ್ಬರನ್ನೂ ಕೊಡುವುದು ನಮ್ಮ ಧರ್ಮ.

ಮಗು ಮಡಿಲಿಗೆ ಬಂದವಳಿಗೂ ಬಾರದೆ ಹೋದವಳಿಗೂ ಆ ತಿಂಗಳುಗಳಲ್ಲಿ ಗಳಿಸಿದ ಧೃತಿ ಉಳಿಯುತ್ತದೆ. ವಯಸ್ಸು ಮೂವತ್ತೆಂಟಾಗಲಿ ನಲವತ್ತೆರಡಾಗಲಿ, ಇಂದಿನ ಮಾತ್ರೆಯನ್ನು ಇಂದು ನುಂಗಿ, ಇಂದಿನ ಇಪ್ಪತ್ತೇಳು ಉಸಿರುಗಳನ್ನು ಇಂದು ಎಣಿಸಿ, ನಾಳೆಯ ವರದಿಯನ್ನು ನಾಳೆಗೆ ಬಿಟ್ಟು ಮಲಗುವ ತಾಯಿಯೇ ನಿಜವಾದ ಶ್ರಾವಿಕೆ.