ಹಳೇ ಹೆರಾಲ್ಡಿನ ಅಡಿಭಾಗ: ಮನೆಯಂಗಳದಲ್ಲೇ ರಿಪೇರಿ

ದನದ ಜಾತ್ರೆಗೆ ಹೋದ ರೈತ ಹಲ್ಲು ಎಣಿಸದೆ, ಗೊರಸು ಎತ್ತಿ ನೋಡದೆ ಎತ್ತಿಗೆ ಮುಂಗಡ ಕೊಡುವುದಿಲ್ಲ. ಅದೇ ರೈತ ಹಳೇ ಕಾರು ಕೊಳ್ಳಲು ಹೋದರೆ ಬಾನೆಟ್ ಎತ್ತಿಸುತ್ತಾನೆ, ಹಾರ್ನ್ ಹೊಡೆದು ನೋಡುತ್ತಾನೆ, ಸೀಟಿನ ರೆಕ್ಸಿನ್ ಸವರುತ್ತಾನೆ. ಮೊಣಕಾಲೂರಿ ಕೆಳಗೆ ಬಗ್ಗಿ ನೋಡುವವರು ಕಡಿಮೆ. ಮಾರುವವನಿಗೂ ಬೇಕಾದ್ದು ಅದೇ. "ಕೆಳಗೆಲ್ಲ ಹೊಸ ಕೋಟಿಂಗ್ ಮಾಡ್ಸಿದ್ದೇವೆ ಸಾರ್, ನೋಡೋದೇ ಬೇಡ" ಎನ್ನುತ್ತಾನೆ ಬ್ರೋಕರು. ಆ ಮಾತು ಕಿವಿಗೆ ಬಿದ್ದರೆ ಖಂಡಿತ ನೋಡಲೇಬೇಕು.

ಅಲ್ಲಿ ಅಡಗಿರುವುದು ತುಕ್ಕು. ಗಡಿಯುದ್ದಕ್ಕೂ ಅದಕ್ಕೆ ಒಂದೊಂದು ಹೆಸರು. ಕಾಸರಗೋಡಿನ ಗ್ಯಾರೇಜಿನಲ್ಲಿ ತುರುಂಬು, ಹೊಸೂರು ತಾಳವಾಡಿ ಕಡೆ ತುರು, ಆದವಾನಿ ರಾಯದುರ್ಗದಲ್ಲಿ ತುಪ್ಪು, ಸೊಲ್ಲಾಪುರ ಜತ್ತದಲ್ಲಿ ಗಂಜ್. ಕೆಲಸ ಮಾತ್ರ ಎಲ್ಲ ಕಡೆಯೂ ಒಂದೇ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಜತೆಗೆ ಕಡಲಿನ ಉಪ್ಪು ಗಾಳಿ. ಸೊಲ್ಲಾಪುರದಲ್ಲಿ ಅದರ ಕಾಲು ಭಾಗದಷ್ಟೂ ಮಳೆ ಇಲ್ಲ, ಆದರೂ ಒಂದು ಮಳೆಗೆ ಅಂಟಿದ ಎರೆಮಣ್ಣು ಚಾಸಿಸಿನ ಸಂದಿಯಲ್ಲಿ ವಾರಗಟ್ಟಲೆ ಹಸಿಯಾಗಿ ಕೂರುತ್ತದೆ. ಸವಳು ನೀರಿನ ಬೋರ್‌ವೆಲ್ಲಿನಲ್ಲಿ ಗಾಡಿ ತೊಳೆಯುವವರಿಗೆ ಕಡಲು ದೂರ ಇದ್ದೂ ಉಪ್ಪು ಹತ್ತಿರವೇ.

ಇಲ್ಲಿ ಉದಾಹರಣೆಗೆ ಸ್ಟಾಂಡರ್ಡ್ ಹೆರಾಲ್ಡ್ ಕಾರನ್ನೇ ತೆಗೆದುಕೊಳ್ಳೋಣ. ಮದ್ರಾಸಿನ ಸ್ಟಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ 1961ರಿಂದ 1971ರವರೆಗೆ ತಯಾರಿಸಿದ ಕಾರು ಇದು. ಮೂಲ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್, ಬಿಡುಗಡೆಯಾದದ್ದು 1959ರಲ್ಲಿ. ಆಕಾರ ಬರೆದವರು ಇಟಲಿಯ ಮಿಕೆಲೊಟ್ಟಿ. ಇದೇ ಹೆರಾಲ್ಡಿನ ಚಾಸಿಸನ್ನು ಗಿಡ್ಡ ಮಾಡಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಮಾಡಿದರು. ಹಾಗಾಗಿ ನಮ್ಮೂರ ಶೆಡ್ಡಿನಲ್ಲಿ ಸೌದೆ ಹೊರೆಯ ಪಕ್ಕ ಮಲಗಿರುವ ಹೆರಾಲ್ಡು ಆ ಸ್ಪೋರ್ಟ್ಸ್ ಕಾರಿಗೆ ಅಣ್ಣನೇ ಸರಿ.

ಮನೆಯಲ್ಲಿ ಕೆಲಸ ಮಾಡುವವರಿಗೆ ಈ ಕಾರು ಹೇಳಿ ಮಾಡಿಸಿದ ಹಾಗಿದೆ. ಆಗಿನ ಹೊಸ ಕಾರುಗಳಲ್ಲಿ ಬಾಡಿ, ಚಾಸಿಸ್ ಎರಡೂ ಒಂದೇ ತಗಡಿನ ಪೆಟ್ಟಿಗೆ ಆಗತೊಡಗಿದ್ದರೂ ಹೆರಾಲ್ಡಿನಲ್ಲಿ ಚಾಸಿಸ್ ಬೇರೆ, ಬಾಡಿ ಬೇರೆ. ಬಾಡಿ ಕೂಡ ತುಂಡು ತುಂಡಾಗಿ ಬೋಲ್ಟಿನಲ್ಲಿ ಕೂತಿದೆ. ಬಾನೆಟ್ ಮಡ್‌ಗಾರ್ಡ್ ಸಮೇತ ಮುಂದಕ್ಕೆ ಮಗುಚುತ್ತದೆ. ಬೋಲ್ಟು ಬಿಚ್ಚಿದರೆ ನಾಲ್ಕಾರು ಜನ ಸೇರಿ ಬಾಡಿಯನ್ನೇ ಎತ್ತಿ ಪಕ್ಕಕ್ಕೆ ಇಡಬಹುದು. ಸ್ಪಿಟ್‌ಫೈರಿನಲ್ಲಿ ಹಾಗಿಲ್ಲ. ಅದರ ಚಾಸಿಸಿನಲ್ಲಿ ಹೊರಗಿನ ಎರಡು ಉದ್ದದ ಪಟ್ಟಿಗಳೇ ಇಲ್ಲ, ಬಾಗಿಲಿನ ಕೆಳಗಿನ ಸಿಲ್ಲೇ ಭಾರ ಹೊರುತ್ತದೆ. ಅದನ್ನು ಆಧಾರ ಕೊಡದೆ ಕೊಯ್ದರೆ ಕಾರು ನಡುವಿನಲ್ಲಿ ಕುಸಿದು ಮತ್ತೆ ಬಾಗಿಲು ಹಾಕಲಿಕ್ಕೇ ಆಗದು. ಹೆರಾಲ್ಡಿನ ಸಿಲ್ಲು ಬರೀ ಮುಚ್ಚಳ, ಬೋಲ್ಟು ಬಿಚ್ಚಿ ತೆಗೆಯುವಂಥದ್ದು.

ತುಕ್ಕು ಎಲ್ಲಿ ಕೂರುತ್ತದೆ? ಕಣ್ಣಿಗೆ ಬೀಳುವ ಕಡೆ ಅಲ್ಲ, ನೀರು ನಿಲ್ಲುವ ಕಡೆ. ಚಾಸಿಸ್ ಎಂದರೆ ಒಳಗೆ ಟೊಳ್ಳಾದ ಪೆಟ್ಟಿಗೆ. ನಡುವಿನ ಬೆನ್ನೆಲುಬಿನಿಂದ ಎರಡೂ ಬದಿಗೆ ಚಾಚಿದ ತೋಳುಗಳಿಗೆ ಔಟ್‌ರಿಗರ್ ಎನ್ನುತ್ತಾರೆ. ಬಾಡಿ ಕೂರುವುದು ಇವುಗಳ ಮೇಲೆ, ಮೊದಲು ಕೊಳೆಯುವುದೂ ಇವೇ. ನೀರು ಇಳಿಯುವ ತೂತು ಮಣ್ಣಿನಿಂದ ಮುಚ್ಚಿದ ದಿನದಿಂದ ಒಳಗಿನಿಂದ ಹೊರಕ್ಕೆ ತಿನ್ನುತ್ತಾ ಬರುತ್ತದೆ. ಡಿಕ್ಕಿಯ ಕೆಳಗೆ ಹೋಗುವ ಹಿಂದಿನ ತುದಿ, ಕಾಲಿಡುವ ಜಾಗದ ತಗಡು, ಬಾಡಿ ಬೋಲ್ಟಿನ ಸುತ್ತ, ಇಷ್ಟು ಕಡೆ ಸಣ್ಣ ಸುತ್ತಿಗೆಯಿಂದ ಬಡಿದು ನೋಡಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ. ಕೊಳೆತದ್ದು ಒಡಕು ಮಡಕೆಯ ಹಾಗೆ ಬೊದ ಬೊದ ಸದ್ದು ಕೊಡುತ್ತದೆ. ಸಂಶಯ ಬಂದಲ್ಲಿ ಸ್ಕ್ರೂಡ್ರೈವರಿನಿಂದ ಒತ್ತಿ. ಬ್ರೋಕರ್ ಹೇಳಿದ ‘ಹೊಸ ಕೋಟಿಂಗ್’ ಎಂದರೆ ಹೆಚ್ಚಾಗಿ ತುಕ್ಕಿನ ಮೇಲೆಯೇ ಬಳಿದ ಡಾಮರು. ಅದು ಒಣಗಿ ಬಿರುಕು ಬಿಟ್ಟ ಮೇಲೆ ಒಳಗೆ ಹೊಕ್ಕ ನೀರು ಹೊರಗೆ ಬರುವುದಿಲ್ಲ. ಏನೂ ಬಳಿಯದ ಕಾರೇ ಅದಕ್ಕಿಂತ ವಾಸಿ.

ಇನ್ನು ಕೆಲಸಕ್ಕೆ ಇಳಿಯುವ ಮೊದಲು ಜೀವದ ಮಾತು. ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ಯಾರೂ ತಲೆ ಇಡಬಾರದು. ನಮ್ಮಲ್ಲಿ ಜಾಕಿ ಕೊಟ್ಟು ಕೆಳಗೆ ಕೆಂಪುಕಲ್ಲನ್ನೋ ಸಿಮೆಂಟಿನ ಟೊಳ್ಳು ಇಟ್ಟಿಗೆಯನ್ನೋ ಇಡುವ ರೂಢಿ ಇದೆ. ಕೆಂಪುಕಲ್ಲು ಗೋಡೆಗೆ ಒಳ್ಳೆಯದು ಮಾರಾಯ್ರೆ, ಕಾರಿಗಲ್ಲ. ಒಂದು ಮೂಲೆಗೆ ಭಾರ ಬಿದ್ದರೆ ಸೂಚನೆ ಕೊಡದೆ ಸೀಳುತ್ತದೆ. ಗಟ್ಟಿ ನೆಲ ನೋಡಿ, ನೆಲ ಬಿಡದ ಚಕ್ರಕ್ಕೆ ಅಡ್ಡಗಲ್ಲು ಕೊಟ್ಟು, ಕಬ್ಬಿಣದ ಆಕ್ಸಲ್ ಸ್ಟ್ಯಾಂಡ್ ನಿಲ್ಲಿಸಿ. ಸ್ಟ್ಯಾಂಡ್ ಸಿಗದಿದ್ದರೆ ದಪ್ಪ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ. ಕೆಳಗೆ ಹೋಗುವ ಮೊದಲು ಕಾರನ್ನು ಒಮ್ಮೆ ಜೋರಾಗಿ ಅಲ್ಲಾಡಿಸಿ ನೋಡಿ.

ಎರಡನೆಯದು ಪೆಟ್ರೋಲ್ ಟ್ಯಾಂಕ್. ಹೆರಾಲ್ಡಿನಲ್ಲಿ ಅದು ಡಿಕ್ಕಿಯೊಳಗಿದೆ. "ಟ್ಯಾಂಕ್ ಖಾಲಿ ಉಂಟು, ಏನಾಗ್ತದೆ?" ಎಂದು ಕೇಳುವವರಿದ್ದಾರೆ. ಖಾಲಿ ಟ್ಯಾಂಕೇ ಹೆಚ್ಚು ಅಪಾಯ, ಒಳಗೆ ತುಂಬಿರುವುದು ಆವಿ. ವೆಲ್ಡಿಂಗ್ ಮಾಡುವುದಾದರೆ ಟ್ಯಾಂಕ್ ಬಿಚ್ಚಿ ಅಂಗಳದ ಆಚೆ ಇಡಿ, ಬ್ಯಾಟರಿ ವಯರು ತೆಗೆಯಿರಿ, ಒಂದು ಕೊಡ ನೀರು, ಒಂದು ಬುಟ್ಟಿ ಮರಳು ಹತ್ತಿರ ಇರಲಿ.

ಬಿಚ್ಚುವಾಗ ಅವಸರ ಬೇಡ. ಬೋಲ್ಟುಗಳಿಗೆ ಎರಡು ದಿನ ಮುಂಚೆಯೇ ಎಣ್ಣೆ ಬಿಡಿ. ಬಾಡಿಗೂ ಚಾಸಿಸಿಗೂ ನಡುವೆ ಇರುವ ತೆಳು ತಗಡಿನ ತುಂಡುಗಳು ಕಸ ಅಲ್ಲ, ಬಾಗಿಲಿನ ಸಂದು ಸಮ ಇರಲಿಕ್ಕೆ ಇಟ್ಟವು. ಯಾವುದು ಎಲ್ಲಿಯದು ಎಂದು ಬರೆದು ಪೊಟ್ಟಣ ಕಟ್ಟಿಡಿ. ಆಮೇಲೆ ಮಣ್ಣು ಕೆರೆದು, ತೊಳೆದು, ಪೂರ್ತಿ ಒಣಗಿಸಿ, ಹಳೇ ಡಾಮರನ್ನು ಉಳಿಯಿಂದ ಎಬ್ಬಿಸಿ, ಗ್ರೈಂಡರಿಗೆ ವಯರ್ ಬ್ರಷ್ ಹಾಕಿ ಹೊಳೆಯುವ ಕಬ್ಬಿಣ ಕಾಣುವವರೆಗೆ ಉಜ್ಜಬೇಕು. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇಲ್ಲದೆ ಆಗದು. ಇಡೀ ರಿಪೇರಿಯಲ್ಲಿ ಬೇಸರದ ಕೆಲಸ ಇದು, ಕೂಲಿ ಕೊಟ್ಟು ಮಾಡಿಸಿದರೆ ಖರ್ಚು ಏರುವುದೂ ಇದಕ್ಕೇ. ಮನೆಯವರೇ ಮಾಡಿದರೆ ದುಡ್ಡು ಉಳಿಯುವುದು ಇಲ್ಲಿ.

ತೂತು ಬಿದ್ದ ತಗಡನ್ನು ಗಟ್ಟಿ ಕಬ್ಬಿಣ ಸಿಗುವವರೆಗೆ ಕೊಯ್ದು ತೆಗೆಯಬೇಕು. ಕೊಳೆತದ್ದರ ಮೇಲೆಯೇ ಪ್ಯಾಚ್ ಹಾಕುವುದು ಹರಿದ ಗೋಣಿಗೆ ಹರಿದ ತೇಪೆ ಹಚ್ಚಿದ ಹಾಗೆ. ಒಂದು ಸಲಕ್ಕೆ ಒಂದೇ ಔಟ್‌ರಿಗರ್ ತೆಗೆದು, ಹೊಸದನ್ನು ಕೂರಿಸಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕಿ. ಎಲ್ಲ ಒಟ್ಟಿಗೆ ಕೊಯ್ದರೆ ಅಳತೆ ಹಿಡಿಯಲಿಕ್ಕೆ ಏನೂ ಉಳಿಯುವುದಿಲ್ಲ. ನೆಲದ ತಗಡಿಗೆ ಸುಮಾರು 1 ಮಿ.ಮೀ. ದಪ್ಪ ಸಾಕು, ಚಾಸಿಸಿನ ತುಂಡು ಅದಕ್ಕಿಂತ ದಪ್ಪ, ಮೂಲಕ್ಕೆ ಕಡಿಮೆಯಾಗದ ಹಾಗೆ ಇರಲಿ. ಮಾಡಿಗೆ ಹೊದೆಸಿ ಉಳಿದ ಜಿಂಕ್ ಶೀಟು ಇದೆಯಲ್ಲ ಎಂದು ಅದನ್ನು ವೆಲ್ಡ್ ಮಾಡಿಸಬೇಡಿ. ಸತುವಿನ ಹೊಗೆ ಕುಡಿದವರಿಗೆ ರಾತ್ರಿ ಚಳಿ ಜ್ವರ ಬರುತ್ತದೆ. ಚಾಸಿಸಿನ ವೆಲ್ಡಿಂಗಿಗೆ ಕೈ ಪಳಗಿದ ಮೇಸ್ತ್ರಿಯೇ ಬೇಕು. ತೆಳು ತಗಡಿಗೆ ಸಾದಾ ಆರ್ಕ್ ಹೊಡೆದರೆ ತೂತು ದೊಡ್ಡದಾಗುತ್ತದೆ, ಸಿಒಟು ವೆಲ್ಡಿಂಗ್ ಒಳ್ಳೆಯದು.

ಉಜ್ಜಿದರೂ ಗುಳಿಗಳಲ್ಲಿ ಉಳಿಯುವ ಚೂರು ತುಕ್ಕಿಗೆ ಅಂಗಡಿಯಲ್ಲಿ ರಸ್ಟ್ ಕನ್ವರ್ಟರ್ ಸಿಗುತ್ತದೆ. ಕೆಲವದರಲ್ಲಿ ಫಾಸ್ಫಾರಿಕ್ ಆಸಿಡ್, ಕೆಲವದರಲ್ಲಿ ಟ್ಯಾನಿಕ್ ಆಸಿಡ್. ಎರಡನೆಯದು ಅಡಿಕೆ ಬೆಳೆಗಾರರಿಗೆ ಹೊಸತಲ್ಲ. ಹಸಿ ಅಡಿಕೆ ಸುಲಿದ ಕತ್ತಿ, ಕೈ ಕಪ್ಪಾಗುವುದು ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜತೆ ಸೇರುವುದರಿಂದ. ತುಕ್ಕು ಕಪ್ಪಾಗಿ ಗಟ್ಟಿಯಾಗುವುದೂ ಅದೇ ಗುಣದಿಂದ. ಹಾಗೆಂದು ಚೊಗರು ಬಳಿದು ಕೂತರೆ ಆಗಲಿಲ್ಲ. ಅದರ ಮೇಲೆ ಎಪಾಕ್ಸಿ ಪ್ರೈಮರ್ ಎರಡು ಕೈ, ಸೇರಿದ ಸಂದಿಗೆ ಸೀಲರ್, ಆಮೇಲೆ ಪೇಂಟು, ಕಡೆಗೆ ಅಂಡರ್ ಕೋಟಿಂಗ್. ಈ ಸಾಲು ತಪ್ಪಬಾರದು. ಟೊಳ್ಳಿನ ಒಳಗಡೆಗೆ ಬ್ರಷ್ ಹೋಗುವುದಿಲ್ಲ, ವೆಲ್ಡಿಂಗಿನ ಬಿಸಿಗೆ ಅಲ್ಲಿದ್ದ ಬಣ್ಣವೂ ಸುಟ್ಟಿರುತ್ತದೆ. ತೂತಿನಿಂದ ಉದ್ದ ನಳಿಗೆ ಹಾಕಿ ಮೇಣದಂಥ ಕ್ಯಾವಿಟಿ ವ್ಯಾಕ್ಸ್ ಹೊಡೆಯಬೇಕು. ನೀರಿಳಿಯುವ ತೂತನ್ನು ಕೊನೆಗೆ ಒಂದು ತಂತಿಯಿಂದ ಬಿಡಿಸಿಡಿ.

ಮಳೆಗಾಲಕ್ಕೆ ಮುಂಚೆ ಜೀಪಿನ ಅಡಿಗೆ ಸುಟ್ಟ ಕರಿ ಆಯಿಲ್ ಹೊಡೆಯುವವರು ಊರೂರಲ್ಲಿ ಇದ್ದಾರೆ. ತುಕ್ಕು ಸ್ವಲ್ಪ ತಡೆಯುತ್ತದೆ, ಸುಳ್ಳಲ್ಲ. ಆದರೆ ರಬ್ಬರ್ ಬುಷ್ಷುಗಳು ಉಬ್ಬಿ ಹಾಳಾಗುತ್ತವೆ, ಧೂಳು ಮೆತ್ತುತ್ತದೆ, ತೊಟ್ಟಿಕ್ಕಿದ್ದು ಅಂಗಳದಿಂದ ಬಾವಿಗೆ ಇಳಿಯುತ್ತದೆ. ಅದನ್ನು ಬಿಡುವುದೇ ಮೇಲು.

ಹೆರಾಲ್ಡ್, ಸ್ಪಿಟ್‌ಫೈರ್ ಎರಡರಲ್ಲೂ ಮೇಸ್ತ್ರಿಗಳು ಎಡವುವ ಜಾಗ ಒಂದಿದೆ. ಮುಂದಿನ ಚಕ್ರದ ಕೆಳಗೆ ಹಿತ್ತಾಳೆ ಬಣ್ಣದ ಟ್ರನಿಯನ್ ಎಂಬ ಭಾಗ. ಅದಕ್ಕೆ ಗ್ರೀಸ್ ಅಲ್ಲ, 90 ನಂಬರ್ ಗೇರ್ ಆಯಿಲ್ ತುಂಬಬೇಕು. ಗ್ರೀಸ್ ಎಳೆಯ ಒಳಗೆ ಇಳಿಯದು. ನೀರು ಸೇರಿ ಕಬ್ಬಿಣದ ಎಳೆ ತುಕ್ಕು ಹಿಡಿದು, ಒಂದು ದಿನ ಸ್ಟೀರಿಂಗ್ ತಿರುಗಿಸುವಾಗ ಮುರಿದು ಚಕ್ರ ಮಗುಚಿ ಬೀಳುತ್ತದೆ. ಅಡಿಭಾಗ ಕಳಚಿರುವಾಗಲೇ ಇದನ್ನೂ ನೋಡಿ.

ಕಡೆಯದಾಗಿ ಕಾಗದಪತ್ರ, ಗಡಿಯವರಿಗೆ ಇದು ಎರಡು ಪಟ್ಟು ತಲೆನೋವು. ಚಾಸಿಸ್ ನಂಬರು ಇರುವ ಜಾಗಕ್ಕೆ ಗ್ರೈಂಡರ್ ತಾಗಿಸಬೇಡಿ. ರಿಪೇರಿಗೆ ಮೊದಲು, ನಡುವೆ, ಆಮೇಲೆ ಫೋಟೊ ತೆಗೆದಿಡಿ, ಬಿಲ್ಲು ಬಿಸಾಡಬೇಡಿ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ತಂದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿ ವಿಂಟೇಜ್ ಎನಿಸುತ್ತದೆ. ಹೊಸ ನೋಂದಣಿಗೆ ಫೀಸು 20,000 ರೂಪಾಯಿ, ಹತ್ತು ವರ್ಷದ ನಂತರ ಮರುನೋಂದಣಿಗೆ 5,000. ವಯಸ್ಸಿನ ಲೆಕ್ಕದಲ್ಲಿ ಎಲ್ಲ ಹೆರಾಲ್ಡುಗಳೂ ಪಾಸು. ಆದರೆ ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಇರಬಾರದು, ಆದ್ದರಿಂದ ಔಟ್‌ರಿಗರನ್ನು ಮೂಲ ಆಕಾರದಲ್ಲೇ ಮಾಡಿಸಿ. ಈಗಾಗಲೇ ನೋಂದಣಿಯಲ್ಲಿರುವ ಗಾಡಿಗೆ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯದ ಕಾಲದ ‘ಎಂವೈ’ ಪ್ಲೇಟು ಇಟ್ಟುಕೊಂಡವರಿಗೆ ಇದು ಸಂತೋಷದ ಸಂಗತಿ. ವಿಂಟೇಜ್ ಎಂದು ಬರೆಸಿದ ಕಾರಿನಲ್ಲಿ ದಿನಾ ಪೇಟೆಗೆ ಹೋಗುವಂತಿಲ್ಲ, ರ‍್ಯಾಲಿ, ಪ್ರದರ್ಶನ, ಪೆಟ್ರೋಲು, ರಿಪೇರಿ ಇಂಥವಕ್ಕೆ ಮಾತ್ರ. ಇನ್ನು ಹೊಸೂರಿನಲ್ಲಿ ಕೊಂಡ ಕಾರನ್ನು ಆನೇಕಲ್ಲಿನಲ್ಲಿ, ಮಂಗಳೂರಿನಲ್ಲಿ ಕೊಂಡದ್ದನ್ನು ಉಪ್ಪಳದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಆ ರಾಜ್ಯದ ನೋಂದಣಿ ಬೇಕು. ಅದಕ್ಕೆ ಮೊದಲಿನ ಆರ್‌ಟಿಒ ಕಚೇರಿಯ ಎನ್‌ಒಸಿ ಬೇಕಾಗುವುದರಿಂದ, ಮಾರಿದವನ ಕೈಗೆ ಪೂರ್ತಿ ಹಣ ಹೋಗುವ ಮೊದಲೇ ಅದನ್ನು ಕೇಳಿ ಪಡೆಯಿರಿ.