ನೇರಳೆಗಲ್ಲು ಮತ್ತು ಅದರ ಊರು

ನವರತ್ನಗಳ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಚಿನಿವಾರ ಪೇಟೆಯಲ್ಲಿ ಎಲ್ಲೆಲ್ಲೂ ಕಣ್ಣಿಗೆ ಬೀಳುವ ಕಲ್ಲೊಂದುಂಟು. ನಮ್ಮ ವರ್ತಕರು ಅದನ್ನು ಅಮೆಥಿಸ್ಟ್ ಎಂದೇ ಕರೆಯುತ್ತಾರೆ. ಉತ್ತರದವರು ನೇರಳೆಹಣ್ಣಿನ ಹೆಸರನ್ನೇ ಹಿಡಿದು ಜಮುನಿಯಾ ಎನ್ನುತ್ತಾರೆ. ಶನಿಯ ಪ್ರೀತ್ಯರ್ಥ ನೀಲವನ್ನು ಧರಿಸಬೇಕೆಂದು ಜೋಯಿಸರು ಹೇಳಿದಾಗ, ನೀಲವನ್ನು ಕೊಳ್ಳಲಾರದವರು ಉಪರತ್ನವೆಂದು ಇದನ್ನು ಕಟ್ಟಿಸಿಕೊಳ್ಳುವುದುಂಟು. ಗ್ರೀಕರಿಗೆ ಅದು ಬೇರೊಂದು ಬಗೆಯ ರಕ್ಷೆ. ಅಮೆಥಿಸ್ಟ್ ಎಂಬ ಮಾತಿಗೆ ಅವರ ಭಾಷೆಯಲ್ಲಿ 'ಮತ್ತೇರದ' ಎಂದು ಅರ್ಥ. ಇದನ್ನು ಧರಿಸಿದವನಿಗೆ ದ್ರಾಕ್ಷಾರಸ ತಲೆಗೇರದೆಂದು ಅವರು ನಂಬಿದ್ದರು. ಆ ನಂಬಿಕೆಯನ್ನು ಪರೀಕ್ಷಿಸುವ ಅವಕಾಶ ನನಗೆ ಒದಗಿಲ್ಲ.

ಜರ್ಮನಿಯಲ್ಲಿ ನೆಲೆಸಿರುವ ನನ್ನ ಹಳೆಯ ಶಿಷ್ಯರೊಬ್ಬರು ಊರಿಗೆ ಬಂದಾಗ ಅಂಗೈಯಲ್ಲಿ ಹಿಡಿಯುವಷ್ಟು ಕಲ್ಲೊಂದನ್ನು ತಂದುಕೊಟ್ಟರು. ಹೊರಮೈ ಕಂದು, ಒರಟು. ಒಡೆದ ಮಗ್ಗುಲಲ್ಲಿ ದಾಳಿಂಬೆಯ ಬೀಜಗಳಂತೆ ಒತ್ತೊತ್ತಾಗಿ ಕುಳಿತ ತಿಳಿನೇರಳೆಯ ಹರಳುಗಳು. ಜೊತೆಗೊಂದು ಚೀಟಿ. ಅದರಲ್ಲಿ ಬರೆದಿದ್ದುದು ಇಷ್ಟೆ: ಷ್ಟೈನ್‌ಕೌಲೆನ್‌ಬರ್ಗ್, ಇಡಾರ್-ಓಬರ್‌ಸ್ಟೈನ್. "ಕಲ್ಲು ಹೇಗಾದರೂ ಇರಲಿ ಮೇಷ್ಟ್ರೇ, ಚೀಟಿಯನ್ನು ಮಾತ್ರ ಕಳೆಯಬೇಡಿ" ಎಂದು ಅವರು ಎರಡು ಬಾರಿ ಹೇಳಿದರು. ಆಗ ನನಗೆ ಅದು ವಿನೋದವಾಗಿ ತೋರಿತು.

ಮೊದಲು ಈ ಹರಳು ಹುಟ್ಟುವ ಬಗೆಯನ್ನು ಹೇಳಬೇಕು. ಭೂಗರ್ಭದಿಂದ ಹೊರಬಂದ ಲಾವಾರಸ ಆರುವಾಗ ಅದರೊಳಗಿನ ಅನಿಲ ಗುಳ್ಳೆಗಳಾಗಿ ಉಳಿಯುತ್ತದೆ. ವಿಜಾಪುರದ ಗೋಲಗುಂಬಜಿಗೆ ಬಳಸಿದ ಕಪ್ಪು ಕಲ್ಲೂ ಹೀಗೆ ಲಾವಾ ಆರಿ ಆದದ್ದೇ. ಸಿಲಿಕಾ ಕರಗಿದ ನೀರು ಆ ಪೊಳ್ಳುಗಳಿಗೆ ಇಳಿದು, ಮೊದಲು ಗೋಡೆಗೆ ಪದರಪದರವಾಗಿ ಅಗೇಟು ಕಟ್ಟುತ್ತದೆ. ಜಾಗ ಉಳಿದಲ್ಲಿ ಸ್ಫಟಿಕದ ಮೊನೆಗಳು ಒಳಮುಖವಾಗಿ ಬೆಳೆಯುತ್ತವೆ. ಆ ಸ್ಫಟಿಕದಲ್ಲಿ ಲೇಶಮಾತ್ರ ಕಬ್ಬಿಣ ಸೇರಿ, ಸುತ್ತಲಿನ ಶಿಲೆಯಿಂದ ಸಹಜವಾಗಿ ಹೊಮ್ಮುವ ವಿಕಿರಣ ಬಹುಕಾಲ ತಾಗಿದರೆ ನೇರಳೆ ಬಣ್ಣ ಮೂಡುತ್ತದೆ. ಹುಟ್ಟಿನಿಂದ ಇದು ಸ್ಫಟಿಕವೇ. ನೀಲಕ್ಕೂ ಇದಕ್ಕೂ ನೆಂಟಸ್ತಿಕೆಯಿಲ್ಲ.

ಜರ್ಮನಿಯ ಪಶ್ಚಿಮ ಭಾಗದಲ್ಲಿ, ನಾಹೆ ನದಿಯ ಕಣಿವೆಯಲ್ಲಿ ಇಡಾರ್, ಓಬರ್‌ಸ್ಟೈನ್ ಎಂಬ ಎರಡು ಊರುಗಳಿದ್ದವು. 1933ರಲ್ಲಿ ಅವು ಒಂದಾದುವು. ಅಲ್ಲಿನ ಗುಡ್ಡಗಳಲ್ಲಿ ಅಗೇಟು, ಜಾಸ್ಪರ್, ಅವುಗಳ ಜೊತೆಗೆ ಅಮೆಥಿಸ್ಟ್ ಸಿಗುತ್ತಿದ್ದವು. ತೊರೆಗಳಲ್ಲಿ ನೀರಿಗೆ ಬರವಿರಲಿಲ್ಲ. ಕಲ್ಲೂ ನೀರೂ ಒಂದೆಡೆ ಸೇರಿದ್ದರಿಂದ ಸಾಣೆ ಹಿಡಿಯುವ ಕಸುಬು ಅಲ್ಲಿ ನೂರಾರು ವರ್ಷಗಳ ಹಿಂದೆಯೇ ಬೇರುಬಿಟ್ಟಿತು. ನೀರಿನ ಚಕ್ರ ಆಳೆತ್ತರದ ಮರಳುಗಲ್ಲಿನ ಗಾಲಿಗಳನ್ನು ತಿರುಗಿಸುತ್ತಿತ್ತು. ಕೆಲಸಗಾರ ಕುಳಿತೋ ನಿಂತೋ ಕೆಲಸ ಮಾಡುತ್ತಿದ್ದನೆಂದು ನಾವು ಊಹಿಸುತ್ತೇವೆ, ಹಾಗಲ್ಲ. ಓಲಾಡುವ ಮರದ ಪೀಠದ ಮೇಲೆ ಅವನು ಬೋರಲಾಗಿ ಮಲಗಿ, ಕಾಲುಗಳನ್ನು ನೆಲದ ಮೇಲಿನ ಮರದ ಗೂಟಗಳಿಗೆ ಒದ್ದು ಹಿಡಿದು, ಮೈಯ ಬಲವನ್ನೆಲ್ಲ ಕೈಗೆ ತಂದು ಕಲ್ಲನ್ನು ಗಾಲಿಗೆ ಒತ್ತಬೇಕಿತ್ತು. ಒತ್ತಿದ ಅಗೇಟಿನೊಳಗೆ ಕೆಂಪಾದ ಬೆಳಕೊಂದು ಮಿನುಗುತ್ತಿತ್ತಂತೆ. ನೋಡುವವರಿಗೆ ಅದು ಚೆಲುವು. ಮಲಗಿದವನ ಎದೆಗೆ ತಂಪು, ಶ್ವಾಸಕ್ಕೆ ಕಲ್ಲಿನ ಧೂಳು. ಶ್ವಾಸಕೋಶದ ರೋಗದಿಂದ ಆ ಮಂದಿ ಅಕಾಲದಲ್ಲಿ ಸಾಯುತ್ತಿದ್ದರು. ಒಡವೆಯ ಚರಿತ್ರೆ ಹೇಳುವವರು ಈ ಭಾಗವನ್ನು ಬೇಗನೆ ದಾಟಿಬಿಡುತ್ತಾರೆ.

ಹತ್ತೊಂಬತ್ತನೆಯ ಶತಮಾನದ ಆರಂಭಕ್ಕೆ ಊರಿನ ಕಲ್ಲು ಕಡಮೆಯಾಯಿತು, ಬಡತನ ಹೆಚ್ಚಿತು. ಹಲವು ಮನೆಯವರು ಗುಳೆಯೆದ್ದು ಬ್ರೆಜಿಲ್ ದೇಶಕ್ಕೆ ಹಡಗು ಹತ್ತಿದರು. ಅಲ್ಲಿಯ ರಿಯೋ ಗ್ರಾಂಡೆ ಡೊ ಸೂಲ್ ಪ್ರಾಂತದಲ್ಲಿ ತಮ್ಮೂರಿನ ಕಲ್ಲೇ, ಆದರೆ ತಮ್ಮೂರಿನಲ್ಲಿ ಎಂದೂ ಕಾಣದ ಗಾತ್ರದಲ್ಲಿ, ನೆಲದ ಮೇಲೆ ಬಿದ್ದಿರುವುದನ್ನು ಅವರು ಕಂಡರು. ಬೇರೆ ಯಾರಿಗಾದರೂ ಅದು ಕಾಲಿಗೆ ಎಡವುವ ಬಂಡೆ. ಇವರ ಕಣ್ಣು ಪಳಗಿತ್ತು. 1834ರಲ್ಲಿ ಬ್ರೆಜಿಲಿನ ಅಗೇಟಿನ ಮೊದಲ ಸರಕು ಇಡಾರನ್ನು ಮುಟ್ಟಿತು. ಹಡಗು ತೂಗಾಡದಿರಲೆಂದು ತಳಕ್ಕೆ ತುಂಬುವ ಭಾರವಾಗಿಯೇ ಕಲ್ಲು ಬರುತ್ತಿದ್ದುದರಿಂದ ಸಾಗಣೆಯ ವೆಚ್ಚ ಅಲ್ಪ. ಕಸುಬು ಮತ್ತೆ ಚಿಗುರಿತು. ಊರಿನ ಗಣಿ ಮಾತ್ರ ಅದರೊಡನೆ ಸ್ಪರ್ಧಿಸಲಾರದೆ 1870ರ ದಶಕದಲ್ಲಿ ನಿಂತುಹೋಯಿತು. ಒಂದು ಕಾಲಕ್ಕೆ ಮಾಣಿಕ್ಯದ ಸಾಲಿನಲ್ಲಿ ಕುಳಿತಿದ್ದ ಅಮೆಥಿಸ್ಟಿನ ಬೆಲೆಯೂ, ದಕ್ಷಿಣ ಅಮೆರಿಕದ ರಾಶಿ ಬಂದಮೇಲೆ, ಸಾಮಾನ್ಯರ ಕೈಗೆಟಕುವಂತಾಯಿತು. ಇನ್ನೊಂದು ಮಾತು: ಅಮೆಥಿಸ್ಟನ್ನು 450 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಕಾಯಿಸಿದರೆ ಎಷ್ಟೋ ಕಲ್ಲುಗಳು ಹಳದಿಗೆ ತಿರುಗುತ್ತವೆ. ಇಂದು ಸಿಟ್ರಿನ್ ಎಂದು ಮಾರಾಟವಾಗುವುದರಲ್ಲಿ ಬಹುಪಾಲು ಹೀಗೆ ಬೆಂಕಿ ಕಂಡು ಬಂದದ್ದೇ.

ಷ್ಟೈನ್‌ಕೌಲೆನ್‌ಬರ್ಗ್ ಈಗ ನೋಡಲು ಹೋಗುವ ಗಣಿ. ಒಳಗೆ ಕಲ್ಲು ಕೀಳುವಂತಿಲ್ಲ. ಹತ್ತಿರದ ಬಯಲಿನಲ್ಲಿ, ಮೊದಲೇ ತಿಳಿಸಿ ಹೋದವರು, ಹುಡುಕಿಕೊಳ್ಳಬಹುದು. ನನ್ನ ಶಿಷ್ಯರ ಮಗ ಅಲ್ಲಿ ಅರ್ಧ ದಿನ ಮಣ್ಣು ಕೆದಕಿ ಪಡೆದದ್ದು ಈ ಕಲ್ಲು.

ಇದನ್ನು ಕಂಡ ನನ್ನ ಮೊಮ್ಮಗಳು, "ತಾತ, ನನಗೆ ಉಂಗುರ ಮಾಡಿಸಿಕೊಡು" ಎಂದು ಹಟ ಹಿಡಿದಳು. ನಮ್ಮ ಮನೆಯ ಒಡವೆಗಳನ್ನೆಲ್ಲ ಮಾಡಿಕೊಟ್ಟ ಆಚಾರ್ರ ಬಳಿಗೆ ಹೋದೆ. ಅವರು ಕಲ್ಲನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಮೇಷ್ಟ್ರೇ, ಉಂಗುರಕ್ಕೆ ಆಗುವ ಹರಳು ಇದರಲ್ಲಿ ಒಂದೋ ಎರಡೋ ಸಿಕ್ಕೀತು. ಬಣ್ಣ ಮೊನೆಯಲ್ಲಿದೆ, ಬುಡದಲ್ಲಿಲ್ಲ. ಅದನ್ನು ತೆಗೆಯಬೇಕಾದರೆ ಮಿಕ್ಕದ್ದೆಲ್ಲ ಪುಡಿ. ಪೇಟೆಯಲ್ಲಿ ಸಾಣೆ ಹಿಡಿದ ಗಾಢವಾದ ಹರಳೇ ಕಡಮೆಗೆ ಬರುತ್ತದೆ" ಎಂದರು. ಒಡೆಯುವ ಕೂಲಿ ಅವರಿಗೇ ಬರಬಹುದಾಗಿತ್ತು, ಆದರೂ ಒಡೆಯಬೇಡಿರೆಂದರು.

ಆಭರಣ ಮಾಡುವವನಿಗೆ ಬೇಕಾದ್ದು ತಾಯಿಕಲ್ಲಿನಿಂದ ಬೇರೆಯಾದ, ಕಲೆಯಿಲ್ಲದ, ಎಲ್ಲಿಂದ ಬಂದರೂ ಸರಿಯೆನ್ನುವ ಹರಳು. ಖನಿಜ ಸಂಗ್ರಾಹಕನಿಗೆ ತಾಯಿಕಲ್ಲೂ ಬೇಕು, ಅಗೇಟಿನ ಪದರವೂ ಬೇಕು, ಮುರಿಯದ ಮೊನೆಯೂ ಬೇಕು. ಎಲ್ಲಕ್ಕಿಂತ ಮಿಗಿಲಾಗಿ ಸಿಕ್ಕ ಸ್ಥಳದ ಹೆಸರು ಬೇಕು. ಚೀಟಿ ಕಳೆದರೆ ಅದು ಯಾವ ಗುಡ್ಡದ್ದೆಂದು ಹೇಳಲು ಕಲ್ಲಿಗೆ ಬಾಯಿಲ್ಲ. ಗಣಿ ಮುಚ್ಚಿದ ಊರಿನ ಮಸುಕು ಹರಳಿಗೆ ಅಲ್ಲಿಯ ಸಂಗ್ರಾಹಕರು ಆಸೆಪಡುವುದು ಈ ಕಾರಣದಿಂದ. ಗಾಢವಾದ ಬ್ರೆಜಿಲ್ ಕಲ್ಲನ್ನು ಅವರು ಪೇಟೆಯಲ್ಲಿ ಬೇಕಾದಷ್ಟು ಕೊಳ್ಳಬಲ್ಲರು.

ಕಡೆಗೆ ಉಂಗುರಕ್ಕೆ ಪೇಟೆಯ ಹರಳನ್ನೇ ಕೊಂಡೆವು. ಅದು ಯಾವ ದೇಶದ್ದೆಂದು ಮೊಮ್ಮಗಳು ಕೇಳಿದಳು, ಅಂಗಡಿಯವರಿಗೆ ಗೊತ್ತಿರಲಿಲ್ಲ. ಇಡಾರಿನ ಕಲ್ಲನ್ನು ಮೊದಲು ಕಿಟಕಿಯ ಮೇಲೆ ಇಟ್ಟಿದ್ದೆ. ಬಹುಕಾಲ ಬಿಸಿಲು ತಾಗಿದರೆ ಅಮೆಥಿಸ್ಟಿನ ಬಣ್ಣ ಮಾಸುವುದೆಂದು ತಿಳಿದಮೇಲೆ ಅದನ್ನು ಹತ್ತಿಯಲ್ಲಿ ಸುತ್ತಿ ಮೇಜಿನ ಖಾನೆಗೆ ಸೇರಿಸಿದ್ದೇನೆ, ಚೀಟಿಯ ಸಮೇತ.